ಗಾಲಿ ಮಾತು: ಬಿದ್ದದ್ದು ಓಡುವಾಗಲೋ, ನಿಂತಾಗಲೋ?

ಪ್ರಶ್ನೆ: ನಮಸ್ಕಾರ. ನನಗೆ ಈಗ 63 ವರ್ಷ. ಮನೆ ಮೈಸೂರಿನ ಸರಸ್ವತಿಪುರಂ. ಕೆಲಸಕ್ಕೆ ಸೇರಿದ ಹೊಸದರಲ್ಲಿ, 1984ರಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್ ಬೈಕ್ ಇನ್ನೂ ನನ್ನ ಹತ್ತಿರವೇ ಇದೆ. ಪ್ರತಿ ಸೋಮವಾರ ಅದರಲ್ಲೇ ನಂಜನಗೂಡಿಗೆ ಹೋಗಿ ದೇವರ ದರ್ಶನ ಮಾಡಿ ಬರುತ್ತೇನೆ. ಮೂರು ವರ್ಷದಿಂದ ಎಡ ಮಂಡಿ ಸವೆದಿದೆ. ಈ ವರ್ಷ ಎರಡು ಸಲ ಬಿದ್ದೆ. ಒಂದು ಸಲ ರಾಮಸ್ವಾಮಿ ಸರ್ಕಲ್ಲಿನಲ್ಲಿ ಸಿಗ್ನಲ್‌ಗೆ ನಿಂತಾಗ, ಇನ್ನೊಂದು ಸಲ ನಮ್ಮ ಮನೆ ಗೇಟಿನ ಮುಂದೆಯೇ. ಪೆಟ್ಟು ಜೋರಾಗಿ ಆಗಲಿಲ್ಲ. ಆದರೆ ಗಾಡಿ ಎತ್ತಲು ಇಬ್ಬರು ಬರಬೇಕಾಯಿತು. ಮಗ ಗಾಡಿ ಮಾರಿಬಿಡಿ ಅನ್ನುತ್ತಾನೆ. ನನ್ನ ಹೆಂಡತಿ, ಗೇರಿಲ್ಲದ ಸ್ಕೂಟರ್ ತಗೊಂಡು ಹಿಂದಿನ ಚಕ್ರದ ಎರಡೂ ಬದಿಗೆ ಪಕ್ಕದ ಗಾಲಿ ಹಾಕಿಸಿ ಅನ್ನುತ್ತಾಳೆ. ಯೆಜ್ಡಿಗೇ ಹಿಂದೆ ಎರಡು ಗಾಲಿ ಹಾಕಿಸಿ ಟ್ರೈಕ್ ಮಾಡಿಸಿಬಿಡೋಣ ಅಂತ ನನಗೆ ಆಸೆ. ಆದರೆ ಮೂರು ಚಕ್ರದ ಗಾಡಿ ಹತ್ತಿದರೆ, ನನ್ನ ಕೈಲಿ ಇನ್ನು ಆಗಲ್ಲ ಅಂತ ಊರಿಗೆಲ್ಲ ಸಾರಿದ ಹಾಗೆ ಅನ್ನೋ ಸಂಕಟವೂ ಇದೆ. ಏನು ಮಾಡಲಿ?
— ಎಸ್. ಕೆ., ಮೈಸೂರು

ಉತ್ತರ: ಸರ್, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಒಂದು ಸಾಲಿನ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆದೆ. ಸಿಗ್ನಲ್‌ಗೆ ನಿಂತಾಗ ಒಂದು ಸಲ, ಗೇಟಿನ ಮುಂದೆ ಒಂದು ಸಲ ಅಂತ ಬರೆದಿದ್ದೀರಲ್ಲ, ಆ ಸಾಲು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಹಾಸನದ ಬಿ.ಎಂ. ರಸ್ತೆಯ ನನ್ನ ಗ್ಯಾರೇಜಿಗೆ ಯಾರಾದರೂ ಬಂದು ಪಕ್ಕದ ಗಾಲಿ ಹಾಕಿಕೊಡಿ ಅಂದರೆ, ನಾನು ಕೇಳುವ ಮೊದಲ ಮಾತೇ ಅದು. ಬಿದ್ದದ್ದು ಓಡುವಾಗಲೋ, ನಿಂತಾಗಲೋ? ಎರಡು ಚಕ್ರದ ಗಾಡಿ ಓಡುತ್ತಿರುವಾಗ ಹೆಚ್ಚುಕಡಿಮೆ ತಾನಾಗಿಯೇ ನೆಟ್ಟಗೆ ಇರುತ್ತದೆ. ಆಗ ನಿಮ್ಮ ಮಂಡಿಗೆ ಅಂಥ ಕೆಲಸವಿಲ್ಲ. ವೇಗ ಇಳಿದು ನಡಿಗೆಯಷ್ಟಾದಾಗ, ಇನ್ನೇನು ನಿಲ್ಲಬೇಕು ಅನ್ನುವಾಗ, ಭಾರವೆಲ್ಲ ಒಂದು ಕಾಲಿನ ಮೇಲೆ ಬರುತ್ತದೆ. ರೋಡ್‌ಕಿಂಗ್ ಸುಮಾರು 140 ಕಿಲೋ. ಸ್ವಲ್ಪ ವಾಲಿದರೆ ಮಂಡಿ ತಡೆಯಬೇಕು. ನಿಮ್ಮದು ತಡೆಯುತ್ತಿಲ್ಲ.

ನೀವು ಓಡುವಾಗ ಬಿದ್ದಿದ್ದರೆ, ಎದುರಿನ ಗಾಡಿ ತಡವಾಗಿ ಕಂಡಿದ್ದರೆ, ಬ್ರೇಕ್ ಹಿಡಿಯಲು ಕೈ ಏಳದೇ ಹೋಗಿದ್ದರೆ, ಮೂರಲ್ಲ ನಾಲ್ಕು ಚಕ್ರ ಹಾಕಿದರೂ ಉಪಯೋಗವಿಲ್ಲ ಅಂತ ನೇರವಾಗಿ ಹೇಳುತ್ತಿದ್ದೆ. ಕಣ್ಣಿಗೂ ಕೈಗೂ ಪಕ್ಕದ ಗಾಲಿ ಸಿಗುವುದಿಲ್ಲ. ನಿಮ್ಮದು ಆ ಕೇಸ್ ಅಲ್ಲ. ಹಾಗಾಗಿ ನಿಮ್ಮ ಹೆಂಡತಿಯ ಮಾತನ್ನು ಸ್ವಲ್ಪ ಗಮನ ಕೊಟ್ಟು ಕೇಳಿ ಅಂತಲೇ ನನ್ನ ಸಲಹೆ.

ಮೊದಲು ಯೆಜ್ಡಿ ವಿಷಯ ಮುಗಿಸುತ್ತೇನೆ. ದಯವಿಟ್ಟು ಅದಕ್ಕೆ ಗಾಲಿ ಹಾಕಿಸಬೇಡಿ. ನಿಮ್ಮ ಗಾಡಿಯಲ್ಲಿ ಕಿಕ್ಕರ್ ಯಾವುದು, ಗೇರ್ ಯಾವುದು? ಎರಡೂ ಒಂದೇ ಲಿವರ್. ಅದೂ ಎಡಗಡೆ. ಅಂದರೆ ಸ್ಟಾರ್ಟ್ ಮಾಡುವುದಕ್ಕೂ ಎಡಗಾಲು, ನಾಲ್ಕು ಗೇರ್ ಹಾಕುವುದಕ್ಕೂ ಎಡಗಾಲು. ಸವೆದಿರುವುದು ಅದೇ ಕಾಲಿನ ಮಂಡಿ. ಹಿಂದೆ ಎರಡು ಗಾಲಿ ಹಾಕಿ ಗಾಡಿ ಬೀಳದ ಹಾಗೆ ಮಾಡಬಹುದು. ಮಂಡಿಯ ಕೆಲಸ ಮಾತ್ರ ಒಂದಿಷ್ಟೂ ಕಡಿಮೆ ಆಗುವುದಿಲ್ಲ. ಅದಕ್ಕಾಗಿ 40 ವರ್ಷದ ಚಾಸಿಯನ್ನು ಕುಯ್ದು ವೆಲ್ಡಿಂಗ್ ಮಾಡಬೇಕಾಗುತ್ತದೆ. ಒಮ್ಮೆ ಕುಯ್ದ ಮೇಲೆ ಅದು ಮತ್ತೆ ಯೆಜ್ಡಿ ಆಗುವುದಿಲ್ಲ. ನಿಮ್ಮ ಊರಿನ ಕಾರ್ಖಾನೆಯಲ್ಲೇ ಹುಟ್ಟಿದ ಗಾಡಿ ಅದು. 1961ರಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಹೊಸ ಚಾಸಿ ಎಲ್ಲಿಂದ ತರುತ್ತೀರಿ? ನನ್ನ ಗ್ಯಾರೇಜಿಗೆ ತಂದಿದ್ದರೂ ನಾನು ಆ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ಹಾಗಂತ ಮಾರಬೇಕಾಗಿಯೂ ಇಲ್ಲ. ಮನೆಯಲ್ಲಿ ಜಾಗ ಇದ್ದರೆ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಮಗನ ಕೈಲಿ ಸ್ಟಾರ್ಟ್ ಮಾಡಿಸಿ. ಆರ್.ಸಿ. ನವೀಕರಣ ಮರೆಯಬೇಡಿ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ಇಟ್ಟುಕೊಂಡವರೆಲ್ಲ ಸೇರುತ್ತಾರಲ್ಲ, ಅವತ್ತು ಮಗ ಓಡಿಸಲಿ, ನೀವು ಹಿಂದೆ ಕುಳಿತು ಹೋಗಿ.

ಇನ್ನು ನನ್ನ ಕಥೆ. ಇದನ್ನು ಹೇಳದೆ ಉಳಿದದ್ದು ಹೇಳುವುದು ಸರಿಯಲ್ಲ ಅನ್ನಿಸುತ್ತದೆ. 2008ರಲ್ಲಿ ಚನ್ನರಾಯಪಟ್ಟಣದ ಹತ್ತಿರ ಒಂದು ಅಪಘಾತದಲ್ಲಿ ನನ್ನ ಬಲ ಸೊಂಟ, ತೊಡೆ ಎರಡೂ ಮುರಿದವು. ರಾಡ್ ಹಾಕಿದರು. ಕಾಲು ಕೂಡಿಕೊಂಡಿತು, ಬಲ ವಾಪಸ್ ಬರಲಿಲ್ಲ. ಆಗ ನನ್ನ ಹತ್ತಿರ ಇದ್ದದ್ದು ಯಮಹಾ ಆರ್‌ಎಕ್ಸ್ 100 ಬೈಕ್. ಅದರಲ್ಲಿ ಕಿಕ್ಕರ್ ಬಲಗಡೆ, ಹಿಂದಿನ ಬ್ರೇಕೂ ಬಲಗಾಲಿಗೆ. ನನ್ನ ಪರಿಸ್ಥಿತಿ ನಿಮ್ಮದರ ಕನ್ನಡಿಯ ಹಾಗೆ ಇತ್ತು. ಆದರೂ 14 ತಿಂಗಳು ಅದನ್ನೇ ಓಡಿಸಿದೆ. ಯಾಕೆ ಅಂದರೆ ನೀವು ಬರೆದಿರುವ ಅದೇ ಸಂಕಟ. ಊರವರ ಗಾಡಿಗಳಿಗೆಲ್ಲ ಪಕ್ಕದ ಗಾಲಿ ಹಾಕಿಕೊಡುತ್ತಿದ್ದವನು ನಾನು. ನನ್ನ ಗಾಡಿಗೆ ಹಾಕಿಕೊಳ್ಳಲು ಮನಸ್ಸು ಒಪ್ಪಲಿಲ್ಲ.

ಒಂದು ದಿನ ಮಗಳನ್ನು ಶಾಲೆಯಿಂದ ಕರೆತರಲು ಹೋಗಿದ್ದೆ. ಅವಳಿಗೆ ಏಳು ವರ್ಷ. ಹಿಂದೆ ಹತ್ತಿ ಕುಳಿತಳು. ಬ್ಯಾಗಿನ ಭಾರ ಒಂದು ಕಡೆಗೆ ಇತ್ತು. ಗಾಡಿ ಇನ್ನೂ ಹೊರಟಿರಲಿಲ್ಲ. ಬಲಕ್ಕೆ ವಾಲಿತು, ಬಲಗಾಲು ಕೊಟ್ಟೆ, ಕಾಲು ಮಡಿಚಿಕೊಂಡಿತು. ಸೈಲೆನ್ಸರ್ ಅವಳ ಕಾಲಿಗೆ ತಾಗಿತು. ಆ ಸುಟ್ಟ ಗುರುತು ಇವತ್ತಿಗೂ ಅವಳ ಮೀನಖಂಡದ ಮೇಲಿದೆ. ನಿಂತ ಗಾಡಿ ಅದು, ಸರ್. ಆ ವಾರವೇ ಗೇರಿಲ್ಲದ ಸ್ಕೂಟರ್ ತಂದೆ. ಮುಂದಿನ ಭಾನುವಾರ ನಾನೇ ಕುಳಿತು ಅದಕ್ಕೆ ಗಾಲಿ ಕಟ್ಟಿದೆ. ಆ 14 ತಿಂಗಳನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನೀವು ಅಷ್ಟು ಕಾಯಬೇಡಿ.

ಆದರೆ ಗಾಲಿ ಹಾಕಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಎಲ್ಲರಿಗೂ ಪಕ್ಕದ ಗಾಲಿ ಬೇಕಾಗುವುದಿಲ್ಲ. ಪರಿಚಯದವರ ಗೇರಿಲ್ಲದ ಸ್ಕೂಟರ್ ಒಂದನ್ನು ಮನೆ ಮುಂದೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಬಂದ್ ಇರಲಿ. ಹತ್ತಿ ಕುಳಿತು ಸ್ಟ್ಯಾಂಡ್ ತೆಗೆಯಿರಿ. ಮಗ ಹಿಂದಿನಿಂದ ಹಿಡಿದುಕೊಂಡಿರಲಿ. ಈಗ ಗಾಡಿಯನ್ನು ಎಡಕ್ಕೆ ಸ್ವಲ್ಪವೇ, ಒಂದು ಗೇಣಿಗಿಂತ ಕಡಿಮೆ ವಾಲಿಸಿ, ಎಡಗಾಲಿನ ಮೇಲೆ ತಡೆದು ಮತ್ತೆ ನೆಟ್ಟಗೆ ಮಾಡಿ. ಹತ್ತು ಸಲ. ನೋವಿಲ್ಲದೆ ಆಯಿತಾ? ಹಾಗಾದರೆ ನಿಮಗೆ ಬರೀ ಸ್ಕೂಟರ್ ಸಾಕು. ಯೆಜ್ಡಿಗಿಂತ ಎಷ್ಟೋ ಹಗುರ, ಸೀಟು ತಗ್ಗು, ಕಾಲು ಎತ್ತಿ ಆಚೆ ಹಾಕುವ ಕಷ್ಟ ಇಲ್ಲ, ಎರಡೂ ಬ್ರೇಕ್ ಕೈಯಲ್ಲೇ. ಐದನೇ ಸಲಕ್ಕೇ ಮಂಡಿ ನಡುಗಿದರೆ, ಇಲ್ಲ ಮಗ ಹಿಡಿಯಬೇಕಾಗಿ ಬಂದರೆ, ಪಕ್ಕದ ಗಾಲಿ ಬೇಕು.

ಡಾಕ್ಟರ್ ಮಂಡಿ ಆಪರೇಷನ್ ಮಾತು ಎತ್ತಿದ್ದಾರಾ? ಅದನ್ನು ನೀವು ಬರೆದಿಲ್ಲ. ಹೊಸ ಮಂಡಿ ಹಾಕಿಸುವ ಯೋಚನೆ ಇದ್ದರೆ ಈಗ ಯಾವುದಕ್ಕೂ ದುಡ್ಡು ಹಾಕಬೇಡಿ. ಆಪರೇಷನ್ ಮುಗಿದು, ಕಾಲು ಸುಧಾರಿಸಿ, ಡಾಕ್ಟರ್ ಓಡಿಸಬಹುದು ಅಂದ ಮೇಲೆ ಮತ್ತೆ ಈ ಪರೀಕ್ಷೆ ಮಾಡಿ. ಅಲ್ಲಿಯವರೆಗೆ ನಂಜನಗೂಡಿಗೆ ರೈಲಿದೆ, ಬಸ್ಸಿದೆ.

ಈಗ ಗಾಲಿ ಹಾಕಿಸಿದಿರಿ ಅಂತಲೇ ಇಟ್ಟುಕೊಳ್ಳೋಣ. ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಓದಿ. 40 ವರ್ಷ ಎರಡು ಚಕ್ರ ಓಡಿಸಿದವರೇ ಇಲ್ಲಿ ಜಾಸ್ತಿ ತಪ್ಪು ಮಾಡುವುದು. ಹೊಸದಾಗಿ ಕಲಿಯುವವರಿಗೆ ಇದು ಸುಲಭ.

ಹಾರ್ಡಿಂಜ್ ಸರ್ಕಲ್ ಸುತ್ತುವಾಗ ನೀವು ಏನು ಮಾಡುತ್ತೀರಿ? ವಾಲುತ್ತೀರಿ. ಗಾಡಿ ವಾಲಬೇಕಾದರೆ, ಎಡಕ್ಕೆ ತಿರುಗುವಾಗ ಎಡಗೈಯಿಂದ ಹ್ಯಾಂಡಲನ್ನು ಒಂಚೂರು ಮುಂದಕ್ಕೆ ಒತ್ತುತ್ತೀರಿ. ಒತ್ತುತ್ತಿದ್ದೀರಿ ಅಂತ ನಿಮಗೇ ಗೊತ್ತಿರುವುದಿಲ್ಲ. ಕೈ ತಾನಾಗಿ ಮಾಡುತ್ತದೆ. ಪಕ್ಕದ ಗಾಲಿ ಇರುವ ಗಾಡಿ ವಾಲುವುದಿಲ್ಲ. ಅಲ್ಲಿ ಎಡಗೈ ಒತ್ತಿದರೆ ಗಾಡಿ ಬಲಕ್ಕೆ ಹೋಗುತ್ತದೆ! ಸೀದಾ ಎದುರು ಬರುವ ಬಸ್ಸಿನ ಕಡೆಗೆ. ಅದನ್ನು ಆಟೋ ಓಡಿಸುವ ಹಾಗೆ ಓಡಿಸಬೇಕು. ಯಾವ ಕಡೆ ಹೋಗಬೇಕೋ ಆ ಕಡೆಗೆ ಹ್ಯಾಂಡಲ್ ತಿರುಗಿಸಬೇಕು, ಅಷ್ಟೇ. ಕೇಳಲು ಸುಲಭ. ಕೈ ಒಪ್ಪಲು ನನಗೆ ಮೂರು ವಾರ ಹಿಡಿಯಿತು.

ತಿರುವಿಗೆ ಬರುವ ಮೊದಲೇ ವೇಗ ಇಳಿಸಿ. ತಿರುವಿನ ಒಳಗೆ ಹೋದ ಮೇಲೆ ಇಳಿಸೋಣ ಅಂದರೆ ತಡವಾಗಿರುತ್ತದೆ. ವಾಲದ ಗಾಡಿ ಜೋರಾಗಿ ತಿರುಗಿದರೆ ನಿಮ್ಮ ಮೈ ಹೊರಗಡೆಗೆ ಎಳೆಯುತ್ತದೆ, ಒಳಗಡೆಯ ಗಾಲಿ ನೆಲ ಬಿಡುತ್ತದೆ. ಮೈಯನ್ನು ತಿರುವಿನ ಒಳಗಡೆಗೆ ಬಾಗಿಸಿ ಕುಳಿತರೆ ಸ್ವಲ್ಪ ಸಹಾಯ.

ಇನ್ನೊಂದು ವಿಷಯ, ಕಾಲು. ಇದು ನನಗೇ ಆದದ್ದು. ನಿಲ್ಲಿಸುವಾಗ ಕಾಲು ಕೆಳಗೆ ಇಡುವುದು ನಮ್ಮ ರಕ್ತದಲ್ಲೇ ಇದೆ. ಪಕ್ಕದ ಗಾಲಿ ಇರುವ ಗಾಡಿಯಲ್ಲಿ, ಪೂರ್ತಿ ನಿಲ್ಲುವ ಮೊದಲೇ ಕಾಲು ಕೆಳಗಿಟ್ಟರೆ ಹಿಂದಿನಿಂದ ಬರುವ ಗಾಲಿ ಹಿಮ್ಮಡಿಯ ಮೇಲೆ ಹತ್ತುತ್ತದೆ. ಮೊದಲ ವಾರದಲ್ಲೇ ನನ್ನ ಚಪ್ಪಲಿ ಸಿಕ್ಕಿಕೊಂಡು ಹಿಮ್ಮಡಿ ಚರ್ಮ ಸುಲಿಯಿತು. ಶೂ ಹಾಕಿ. ಎರಡೂ ಕಾಲು ಫುಟ್‌ಬೋರ್ಡಿನ ಮೇಲೆ ಇಟ್ಟುಕೊಂಡೇ ನಿಲ್ಲುವುದನ್ನು ಅಭ್ಯಾಸ ಮಾಡಿ. ಭಾನುವಾರ ಬೆಳಿಗ್ಗೆ ಯಾವುದಾದರೂ ಶಾಲೆಯ ಮೈದಾನಕ್ಕೆ ಹೋಗಿ 50 ಸಲ ಹೊರಡಿ, 50 ಸಲ ನಿಲ್ಲಿ. ಈ ಅಭ್ಯಾಸ ಮುಗಿಯುವವರೆಗೆ ಮೊಮ್ಮಕ್ಕಳನ್ನಾಗಲಿ ಮನೆಯವರನ್ನಾಗಲಿ ಹಿಂದೆ ಕೂರಿಸಬೇಡಿ.

ರಸ್ತೆ ಕೂಡ ಬೇರೆ ಥರ ಕಾಣತೊಡಗುತ್ತದೆ. ಎರಡು ಚಕ್ರಕ್ಕೆ ಒಂದೇ ದಾರಿ ಸಾಕು, ಗುಂಡಿಯ ಪಕ್ಕದಲ್ಲಿ ನುಸುಳಿಬಿಡಬಹುದು. ಇಲ್ಲಿ ಒಂದೇ ಸಲ ಮೂರು ದಾರಿ ನೋಡಬೇಕು. ಮುಂದಿನ ಚಕ್ರ ಗುಂಡಿ ತಪ್ಪಿಸಿದರೆ ಪಕ್ಕದ್ದು ಅದರಲ್ಲೇ ಇಳಿಯುತ್ತದೆ. ಮಳೆ ನೀರು ಹರಿಯಲಿ ಅಂತ ನಮ್ಮ ರಸ್ತೆಗಳನ್ನು ನಡುವೆ ಉಬ್ಬಿಸಿ ಅಂಚಿಗೆ ಇಳಿಜಾರು ಮಾಡಿರುತ್ತಾರಲ್ಲ, ಎರಡು ಚಕ್ರದಲ್ಲಿ ಅದು ಗೊತ್ತೇ ಆಗುವುದಿಲ್ಲ. ಪಕ್ಕದ ಗಾಲಿ ಇದ್ದರೆ ಗಾಡಿ ಯಾವಾಗಲೂ ಎಡಕ್ಕೆ, ಚರಂಡಿಯ ಕಡೆಗೆ ಎಳೆಯುತ್ತಿರುತ್ತದೆ. ನಂಜನಗೂಡಿನ ತನಕ ಹೋಗಿ ಬಂದರೆ ಮೊದಮೊದಲು ಭುಜ ನೋಯುತ್ತದೆ. ಆಮೇಲೆ ಅಭ್ಯಾಸವಾಗುತ್ತದೆ.

ಗಾಲಿ ಹಾಕಿಸುವವರ ಹತ್ತಿರ ಹೋದಾಗ ಬಣ್ಣ, ಮಡ್‌ಗಾರ್ಡು ನೋಡಿ ಮರುಳಾಗಬೇಡಿ. ಬಗ್ಗಿ ಕೆಳಗೆ ನೋಡಿ. ಎರಡು ಪಕ್ಕದ ಗಾಲಿಗೂ ತಮ್ಮದೇ ಸ್ಪ್ರಿಂಗ್ ಇಲ್ಲವೇ ಶಾಕ್ ಅಬ್ಸಾರ್ಬರ್ ಇದೆಯಾ? ಸುಮ್ನೆ ಕಬ್ಬಿಣದ ಪೈಪಿಗೆ ಗಟ್ಟಿಯಾಗಿ ಕೂರಿಸಿದ್ದರೆ ಬೇಡ. ಕಾರಣ ಇದು. ಸ್ಕೂಟರಿನ ಎಂಜಿನ್ ತಿರುಗಿಸುವುದು ನಡುವಿನ ಚಕ್ರವನ್ನು ಮಾತ್ರ. ಹಿಂದಿನ ಬ್ರೇಕ್ ಇರುವುದೂ ಆ ನಡುವಿನ ಚಕ್ರಕ್ಕೆ. ಗಟ್ಟಿ ಪೈಪಿನ ಗಾಲಿಗಳು ಎರಡು ದಿಬ್ಬದ ಮೇಲೆ ಕುಳಿತು ನಡುವಿನ ಚಕ್ರ ತಗ್ಗಿನ ಮೇಲೆ ಬಂದರೆ, ಅದು ಗಾಳಿಯಲ್ಲಿ ತೇಲುತ್ತದೆ. ಆಗ ಗಾಡಿ ಮುಂದೆಯೂ ಹೋಗದು, ಹಿಂದಿನ ಬ್ರೇಕ್ ಹಿಡಿದರೂ ನಿಲ್ಲದು. ನಾನು ಯಾವ ಗಾಡಿ ಕಟ್ಟಿದರೂ ಗ್ಯಾರೇಜಿನ ಮುಂದಿನ ಚರಂಡಿ ಚಪ್ಪಡಿಯ ಮೇಲೆ ಓರೆಯಾಗಿ ಹತ್ತಿಸಿ ಇಳಿಸಿ ನೋಡಿಯೇ ಕೊಡುವುದು. ನೀವೂ ದುಡ್ಡು ಕೊಡುವ ಮೊದಲು ಹಾಗೆ ನೋಡಿ. ನಾನು ಕಟ್ಟುವ ಗಾಡಿ ಅಗಲ 42 ಇಂಚು ಬರುತ್ತದೆ. ಹಾಗಾಗಿ ಮನೆಯ ಗೇಟನ್ನೂ ಅಳೆದುಕೊಳ್ಳಿ. ಸರಸ್ವತಿಪುರಂನ ಹಳೇ ಮನೆಗಳ ಚಿಕ್ಕ ಗೇಟು, ಅದರ ಮುಂದಿನ ಕಿರಿದಾದ ಇಳಿಜಾರು ನನಗೆ ಗೊತ್ತು. ಸ್ಕೂಟರಿನಲ್ಲಿ ರಿವರ್ಸ್ ಇರುವುದಿಲ್ಲ. ಹಿಂದಕ್ಕೆ ತಳ್ಳಲು ಮತ್ತೆ ಅದೇ ಮಂಡಿ ಬೇಕು. ರಿವರ್ಸ್ ಗೇರ್ ಹಾಕಿಕೊಡುವವರಿದ್ದಾರೆ, ಸ್ವಲ್ಪ ಜಾಸ್ತಿ ಖರ್ಚಾದರೂ ನಿಮ್ಮಂಥವರಿಗೆ ಅದು ಬೇಕೇ ಬೇಕು.

ಕಾಗದಪತ್ರದ ವಿಷಯ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ನಮಗೆ ಬೇಕಾದ ಹಾಗೆ ಬದಲಾಯಿಸುವಂತಿಲ್ಲ. ದೈಹಿಕ ತೊಂದರೆ ಇರುವವರ ಬಳಕೆಗಾಗಿ ಮಾರ್ಪಡಿಸಿದ ಗಾಡಿಗೆ ಮಾತ್ರ ಕಾಯ್ದೆಯಲ್ಲಿ ಬೇರೆ ಜಾಗ ಇದೆ. ಅದಕ್ಕೆ 2019ರ ತಿದ್ದುಪಡಿಯಲ್ಲಿ ಅಡಾಪ್ಟೆಡ್ ವೆಹಿಕಲ್ ಅಂತ ಹೆಸರು ಕೊಟ್ಟರು. ಮೊದಲು ಇನ್‌ವ್ಯಾಲಿಡ್ ಕ್ಯಾರೇಜ್, ಅಂದರೆ ಕೈಲಾಗದವರ ಗಾಡಿ, ಅನ್ನುತ್ತಿದ್ದರು. ಆ ಹಳೇ ಹೆಸರು ಹೋದದ್ದು ನನಗೆ ನಿಜವಾಗಿ ಸಂತೋಷ ಕೊಟ್ಟಿತು. ಡಿ.ಎಲ್.ನಲ್ಲೂ ಅದು ಬೇರೆಯೇ ವರ್ಗ. ನಿಮ್ಮ ಗೇರ್ ಬೈಕಿನ ಲೈಸೆನ್ಸ್ ಇದೆ ಅಂತ ಸುಮ್ಮನಿರಬೇಡಿ. ಮಂಡಿಯ ಬಗ್ಗೆ ಡಾಕ್ಟರ್ ಸರ್ಟಿಫಿಕೇಟ್ ತೆಗೆದುಕೊಂಡು, ಗಾಡಿ ಕೊಳ್ಳುವ ಮೊದಲೇ ಆರ್.ಟಿ.ಓ. ಕಚೇರಿಗೆ ಹೋಗಿ ಮಾತಾಡಿ. 55 ದಾಟಿದವರಿಗೆ ಲೈಸೆನ್ಸ್ ಐದೈದು ವರ್ಷಕ್ಕೆ ನವೀಕರಣ ಆಗುವುದರಿಂದ ನಿಮ್ಮದು ಯಾವಾಗ ಮುಗಿಯುತ್ತದೆ ಅಂತಲೂ ನೋಡಿಕೊಳ್ಳಿ. ಬದಲಾವಣೆ ಆರ್.ಸಿ.ಯಲ್ಲಿ ಬರಬೇಕು, ಇನ್ಶೂರೆನ್ಸ್ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಬೇಕು. ಇಲ್ಲದಿದ್ದರೆ ನಾಳೆ ಏನಾದರೂ ಆದಾಗ ಅವರು ಕ್ಲೇಮ್ ಕೊಡುವುದಿಲ್ಲ ಅನ್ನಲು ದಾರಿ ಮಾಡಿಕೊಟ್ಟ ಹಾಗೆ.

ಕೊನೆಗೆ ಆ ಸಂಕಟದ ಮಾತು. ವಾಲುವ ಸುಖ ಹೋಗುತ್ತದೆ, ಸರ್. ಸುಳ್ಳು ಹೇಳಲಾರೆ. ನಾನು ಈಗಲೂ ಶಿರಾಡಿ ಘಾಟಿಯ ತಿರುವುಗಳನ್ನು ಬಸ್ಸಿನ ಕಿಟಕಿಯಿಂದ ನೋಡುವಾಗ ಮೈ ತಾನಾಗಿ ವಾಲುತ್ತದೆ. ಆದರೆ ಪಕ್ಕದ ಗಾಲಿ ಹಾಕಿದ ಮೇಲೆ ಒಬ್ಬನೇ ಹೊರಗೆ ಹೋಗುವ ಧೈರ್ಯ ನನಗೆ ವಾಪಸ್ ಬಂತು. ಸಂತೆಗೆ, ಗ್ಯಾರೇಜಿಗೆ, ಮಗಳ ಕಾಲೇಜಿಗೆ, ಯಾರನ್ನೂ ಕೇಳದೆ ಹೋದೆ. ಮೊದಲ ಒಂದು ವಾರ ಬೀದಿಯವರು ನೋಡಿದರು. ಆಮೇಲೆ ಯಾರಿಗೂ ಪುರುಸೊತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ನೀವು ನಿಮ್ಮ ಪಾಡಿಗೆ ನಂಜನಗೂಡಿಗೆ ಹೋಗಿ ಬರಬೇಕು ಅನ್ನುವುದೇ ನನ್ನ ಆಸೆ.

ಪ್ರಶ್ನೆ: ಸರ್, ನಾನು ಅಮೆರಿಕದ ಸ್ಯಾನ್ ಹೋಸೆಯಲ್ಲಿದ್ದೇನೆ, ಊರು ಅರಸೀಕೆರೆ. 54 ವರ್ಷ. ಹೋಂಡಾ ಗೋಲ್ಡ್‌ವಿಂಗ್ ಬೈಕ್ ಓಡಿಸುತ್ತಿದ್ದೆ. ಕಳೆದ ವರ್ಷ ಬಲ ಪಾದದ ಕೀಲಿಗೆ ಆಪರೇಷನ್ ಆಗಿ, ಕೀಲು ಈಗ ಬಗ್ಗುವುದಿಲ್ಲ. ಗೆಳೆಯರು ಮುಂದೆ ಎರಡು ಚಕ್ರ ಇರುವ ಕ್ಯಾನ್-ಆಮ್ ಸ್ಪೈಡರ್ ತಗೋ ಅನ್ನುತ್ತಾರೆ. ಹಾರ್ಲೆಯ ಹಿಂದೆ ಎರಡು ಚಕ್ರದ ಟ್ರೈಕ್ ಕೂಡ ನೋಡಿದೆ. ಯಾವುದು?
— ಒಬ್ಬ ಓದುಗ

ಉತ್ತರ: ಅರಸೀಕೆರೆಯವರು ಅಂದ ಮೇಲೆ ನಮ್ಮ ಜಿಲ್ಲೆಯವರೇ ಆದಿರಿ. 2019ರಲ್ಲಿ ನನ್ನ ತಂಗಿಯ ಮನೆಗೆ ಅಂತ ನಿಮ್ಮ ಕಡೆಗೆ ಬಂದಿದ್ದೆ. ಅವತ್ತು ಒಂದು ಶೋರೂಮಿಗೆ ಹೋಗಿ ಸ್ಪೈಡರ್ ಹತ್ತಿ ಕುಳಿತೆ. ತುಂಬಾ ಇಷ್ಟವಾಯಿತು. ಗೇರ್ ಕೈಯಲ್ಲೇ ಹಾಕುವಂಥದ್ದೂ ಸಿಗುತ್ತದೆ, ರಿವರ್ಸ್ ಇದೆ, ತಿರುವಿನಲ್ಲಿ ಗಾಡಿ ಹದ ತಪ್ಪಿದರೆ ಕಂಪ್ಯೂಟರ್ ತಾನೇ ಬ್ರೇಕ್ ಹಿಡಿದು ಸರಿ ಮಾಡುತ್ತದೆ. ಆಮೇಲೆ ಬ್ರೇಕ್ ಲಿವರ್ ಎಲ್ಲಿ ಅಂತ ಹ್ಯಾಂಡಲ್ ಹುಡುಕಿದೆ. ಇರಲಿಲ್ಲ. ಮೂರು ಚಕ್ರಕ್ಕೂ ಸೇರಿ ಇರುವುದು ಒಂದೇ ಬ್ರೇಕ್ ಪೆಡಲ್, ಅದು ಬಲಗಾಲಿಗೆ. ನನ್ನ ಬಲಗಾಲು ಗೊತ್ತಲ್ಲ. ಸುಮ್ಮನೆ ಇಳಿದು ಬಂದೆ. ಅದೇ ಕಂಪನಿಯ ಚಿಕ್ಕ ಗಾಡಿ ರೈಕರ್‌ನಲ್ಲೂ ಕಾಲಿನ ಬ್ರೇಕೇ.

ನಿಮ್ಮ ಬಲ ಪಾದ ಬಗ್ಗುವುದಿಲ್ಲ ಅಂದ ಮೇಲೆ ಇದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ. ಕೈ ಬ್ರೇಕ್ ಬೇರೆಯಾಗಿ ಹಾಕಿಕೊಡುವವರು ಅಲ್ಲಿದ್ದಾರೆ. ಅದನ್ನು ಹಾಕಿಸಿ, ಓಡಿಸಿ ನೋಡಿ, ಆಮೇಲೆ ಕೊಳ್ಳಿ. ಹಾರ್ಲೆಯ ಟ್ರೈ ಗ್ಲೈಡ್‌ನಲ್ಲಿ ಕೈಗೂ ಲಿವರ್ ಇದೆ, ರಿವರ್ಸ್ ಕೂಡ ಇದೆ. ಆದರೆ ಅದರ ತೂಕ ಅರ್ಧ ಟನ್ ದಾಟುತ್ತದೆ, ಹ್ಯಾಂಡಲ್ ತಿರುಗಿಸಲು ತೋಳಿಗೆ ಕೆಲಸ ಜಾಸ್ತಿ.

ಬ್ರೇಕಿನ ಮಾತು ಬದಿಗಿಟ್ಟರೆ ನನ್ನ ಒಲವು ಮುಂದೆ ಎರಡು ಚಕ್ರ ಇರುವುದರ ಕಡೆಗೇ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಬರುತ್ತದಲ್ಲ. ಮುಂದೆ ಎರಡು ಚಕ್ರ ಇದ್ದರೆ ಆ ಭಾರ ಅಗಲವಾಗಿ ಕೂರುತ್ತದೆ. ಮುಂದೆ ಒಂದೇ ಇದ್ದರೆ, ತಿರುವಿನಲ್ಲಿ ಬ್ರೇಕ್ ಹಿಡಿದಾಗ ಗಾಡಿ ಮುಂದಿನ ಮೂಲೆಗೆ ಮಗುಚುವ ಕಡೆಗೆ ಹೋಗುತ್ತದೆ. ವಾಲುವ ಸುಖ ಬಿಡಲಾರೆ ಅನ್ನುವವರಿಗೆ ಪಿಯಾಜಿಯೋ ಎಂಪಿ3, ಯಮಹಾ ನೈಕೆನ್ ಥರದ್ದು ಇವೆ, ಮುಂದಿನ ಎರಡೂ ಚಕ್ರ ವಾಲುತ್ತವೆ. ಇವೆರಡರ ನಡುವೆ ಒಂದು ದೊಡ್ಡ ವ್ಯತ್ಯಾಸ ಇದೆ. ಎಂಪಿ3 ನಿಂತಾಗ ಬಟನ್ ಒತ್ತಿದರೆ ನೆಟ್ಟಗೆ ಲಾಕ್ ಆಗುತ್ತದೆ. ನೈಕೆನ್ ಆಗುವುದಿಲ್ಲ, ಅದಕ್ಕೆ ಕಾಲು ಕೊಡಲೇಬೇಕು. ಮೂರು ಚಕ್ರ ಇದೆ ಅಂತ ಫೋಟೋ ನೋಡಿ ಕೊಂಡುಬಿಡಬೇಡಿ.

ಕ್ಯಾಲಿಫೋರ್ನಿಯಾದಲ್ಲಿ ಮೂರು ಚಕ್ರದ್ದಕ್ಕೆ ಕಾರಿನ ಕ್ಲಾಸ್ ಸಿ ಲೈಸೆನ್ಸ್ ಸಾಕು. ಸಾಕು ಅಂತ ಮರುದಿನವೇ ಹೆದ್ದಾರಿಗೆ ಇಳಿಯಬೇಡಿ. ಮೋಟಾರ್‌ಸೈಕಲ್ ಸೇಫ್ಟಿ ಫೌಂಡೇಶನ್‌ನವರು ಮೂರು ಚಕ್ರಕ್ಕೇ ಬೇರೆ ತರಬೇತಿ ಇಟ್ಟಿದ್ದಾರೆ. ನಮ್ಮಲ್ಲಿ ಅಂಥದ್ದು ಇದ್ದಿದ್ದರೆ ನನ್ನ ಮೂರು ವಾರ ಉಳಿಯುತ್ತಿತ್ತು. ಅದಕ್ಕೆ ಸೇರಿ. ಮೇಲೆ ಮೈಸೂರಿನವರಿಗೆ ಹ್ಯಾಂಡಲ್ ಬಗ್ಗೆ ಹೇಳಿದ್ದು ನಿಮಗೂ ಅಷ್ಟೇ ಅನ್ವಯ. ಗೋಲ್ಡ್‌ವಿಂಗ್ ಓಡಿಸಿದ ಕೈ ಬೇಗ ಮರೆಯುವುದಿಲ್ಲ.

ಪ್ರಶ್ನೆ: ಅಣ್ಣಾ, ನಾನು ತೀರ್ಥಹಳ್ಳಿ ಕಡೆ ಶಾಲೆಯಲ್ಲಿ ಟೀಚರ್. ಎಡಗಾಲಿಗೆ ಪೋಲಿಯೊ. ಪಕ್ಕದ ಗಾಲಿಯ ಸ್ಕೂಟರ್ ಓಡಿಸಲು ಶುರು ಮಾಡಿ ಒಂದು ವರ್ಷ ಆಯಿತು. ಉಡುಪಿಯ ಅಕ್ಕನ ಮನೆಗೆ ಆಗುಂಬೆ ಘಾಟಿ ಇಳಿದು ಅದರಲ್ಲೇ ಹೋಗಬಹುದಾ?
— ಎಂ. ಆರ್.

ಉತ್ತರ: ಬೇಡ ತಂಗಿ. ನಿಮ್ಮ ಧೈರ್ಯ ದೊಡ್ಡದು, ಅದನ್ನು ಕಡಿಮೆ ಮಾಡಲು ಹೇಳುತ್ತಿಲ್ಲ. ಆಗುಂಬೆಯಲ್ಲಿ 14 ಕಡಿದಾದ ತಿರುವು. ರಸ್ತೆ ಕಿರಿದು, ಎದುರಿನಿಂದ ಬಸ್ ಬಂದರೆ ಹಿಂದಕ್ಕೆ ಸರಿಯಬೇಕಾಗಬಹುದು. ಗೇರಿಲ್ಲದ ಸ್ಕೂಟರಿನಲ್ಲಿ ಇಳಿಜಾರಿನಲ್ಲಿ ಎಂಜಿನ್ ಹೆಚ್ಚು ತಡೆಯುವುದಿಲ್ಲ. ಕೆಳಗಿನ ತನಕ ಬ್ರೇಕ್ ಹಿಡಿದುಕೊಂಡೇ ಇಳಿಯಬೇಕು. ಪಕ್ಕದ ಗಾಲಿಗಳಿಗೆ ಬ್ರೇಕ್ ಇಲ್ಲ, ಇರುವ ಎರಡು ಬ್ರೇಕ್ ಬಿಸಿಯಾಗುತ್ತಾ ಹೋಗಿ ಹಿಡಿತ ಕಡಿಮೆಯಾಗುತ್ತದೆ. ಮಳೆಗಾಲದಲ್ಲಂತೂ ರಸ್ತೆ ತುಂಬಾ ಹಸಿ ಎಲೆ.

ಸ್ಕೂಟರನ್ನು ತೀರ್ಥಹಳ್ಳಿ ಬಸ್ ನಿಲ್ದಾಣದ ಹತ್ತಿರ ಪರಿಚಯದವರ ಅಂಗಡಿ ಮುಂದೆ ನಿಲ್ಲಿಸಿ, ಎಡಗೈ ಬ್ರೇಕಿಗೆ ಲಾಕ್ ಹಾಕಿ, ಬಸ್ ಹತ್ತಿ. ಆ ಸ್ಕೂಟರನ್ನು ಒಂದು ವರ್ಷ ಓಡಿಸಿದ್ದೀರಿ ಅಂದಿರಲ್ಲ, ಪಕ್ಕದ ಗಾಲಿಗಳ ಬೇರಿಂಗು, ಫ್ರೇಮಿನ ಬೋಲ್ಟು ಒಮ್ಮೆ ಬಿಚ್ಚಿ ನೋಡಿಸಿ. ಮಲೆನಾಡಿನ ಮಳೆಯಲ್ಲಿ ಅವು ಬೇಗ ತುಕ್ಕು ಹಿಡಿಯುತ್ತವೆ. ಹಾಸನದ ಕಡೆ ಬಂದರೆ ನನ್ನ ಗ್ಯಾರೇಜಿಗೇ ತನ್ನಿ.